ಕೆಂಪು ದೀಪ ಸುಳ್ಳು ಹೇಳಿರಲಿಲ್ಲ

ರೈಲ್ವೆ ಗೇಟ್ ಬಿದ್ದಿತ್ತು. ನಮ್ಮ ಓಮ್ನಿಯ ಹಿಂದಿನ ಸೀಟುಗಳನ್ನು ತೆಗೆದು ಎಷ್ಟೋ ವರ್ಷಗಳಾಗಿವೆ, ಅಲ್ಲೆಲ್ಲ ಬನ್ನು, ಬ್ರೆಡ್ಡು, ರಸ್ಕಿನ ಟ್ರೇಗಳು. ಅಪ್ಪ ಬೆಳಿಗ್ಗೆ ಐದಕ್ಕೇ ಬೇಕರಿಯಿಂದ ಮಾಲು ತುಂಬಿಕೊಂಡು ಕಡೂರು ಕಡೆಯ ಹಳ್ಳಿ ಅಂಗಡಿಗಳಿಗೆ ಹಾಕಿ ಬರುತ್ತಾರೆ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತೇನೆ. ಅಂದು ವಾಪಸ್ ಬರುವಾಗ, ಗೇಟಿನ ಮುಂದೆ ಎಂಜಿನ್ ಸುಮ್ಮನೆ ಓಡುತ್ತಿದ್ದಾಗ, ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಮಿಣುಕಿತು. ಅಪ್ಪ ಸ್ವಲ್ಪ ಆಕ್ಸಿಲರೇಟರ್ ಒತ್ತಿದರು. ಆರಿತು. ಬಿಟ್ಟರು. ಮತ್ತೆ ಮಿಣುಕಿತು.

‘ಏನೋ ಇದು? ನೀನೇ ಇಂಜಿನಿಯರ್ರು, ಹೇಳಪ್ಪ’ ಎಂದರು.

ನಾನು ಮೆಕ್ಯಾನಿಕಲ್ ಬಿಇ ಓದುತ್ತಿದ್ದೇನೆ. ಹೋದ ಸೆಮಿಸ್ಟರಿನಲ್ಲಿ ಜರ್ನಲ್ ಬೇರಿಂಗ್ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಪೆಟ್ರಾಫ್ ಸಮೀಕರಣ ಹಾಕಿ ಉತ್ತರ ತೆಗೆದಿದ್ದೆ. ಆ ಬೇರಿಂಗನ್ನು ಕಣ್ಣಾರೆ ಕಂಡಿದ್ದೇನೆಯೇ ಎಂದು ಯಾರಾದರೂ ಕೇಳಿದ್ದರೆ ತಲೆ ತಗ್ಗಿಸಬೇಕಿತ್ತು.

ಪೇಟೆಯ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ದೀಪ ನೋಡಿದರು, ಎಂಜಿನ್ ಶಬ್ದ ಕೇಳಿದರು, ಎರಡೇ ನಿಮಿಷಕ್ಕೆ ತೀರ್ಪು ಕೊಟ್ಟರು: ‘ಬೇರಿಂಗ್ ಮೆಟಲ್ ಹೋಗಿದೆ. ಎಂಜಿನ್ ಇಳಿಸಬೇಕು. ಕ್ರ್ಯಾಂಕ್, ಬೋರು ಎಲ್ಲಾ ಸೇರಿ 28 ಸಾವಿರ.’ ಗಾಡಿ ಮಾರಿದರೂ ಅದಕ್ಕಿಂತ ಹೆಚ್ಚು ಬರುವುದು ಅನುಮಾನ. ಅಲ್ಲೇ ಕುಳಿತಿದ್ದ ಬ್ರೋಕರ್ ಒಬ್ಬರು ಇನ್ನೊಂದು ದಾರಿ ತೋರಿಸಿದರು. 20ಡಬ್ಲ್ಯು-50 ಗಟ್ಟಿ ಆಯಿಲ್ ಹಾಕಿಬಿಡಿ, ದೀಪ ಆರುತ್ತೆ, ಆರಿದಾಗಲೇ ಯಾರಿಗಾದರೂ ಮಾರಿಬಿಡಿ ಎಂದು. ಅಪ್ಪ ಏನೂ ಹೇಳದೆ ಎದ್ದರು. ನನ್ನ ಕಾಲೇಜು ಫೀಸಿಗೆ ಇನ್ನು ಮೂರೇ ವಾರ ಇತ್ತು.

ಮನೆಗೆ ಬಂದು ಮುಂದಿನ ಸೀಟು ಎತ್ತಿದೆ. ಓಮ್ನಿಯ ಎಂಜಿನ್ ಇರುವುದೇ ಅಲ್ಲಿ, ಸೀಟಿನ ಕೆಳಗೆ, 796 ಸಿಸಿಯ ಮೂರು ಸಿಲಿಂಡರ್. ಮೊದಲು ಡಿಪ್‌ಸ್ಟಿಕ್ ತೆಗೆದು ಒರೆಸಿ ನೋಡಿದೆ. ಆಯಿಲ್ ಮಟ್ಟ ಸರಿಯಿತ್ತು. ಮೂಸಿ ನೋಡಿದೆ, ಪೆಟ್ರೋಲ್ ವಾಸನೆ ಇರಲಿಲ್ಲ. ಕಾರ್ಬ್ಯುರೇಟರ್ ಕಾಲದ ಎಷ್ಟೋ ಕಾರುಗಳಲ್ಲಿ ಫ್ಯುಯೆಲ್ ಪಂಪಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ಸೋರಿ ಆಯಿಲಿಗೆ ಸೇರಿ ಅದನ್ನು ನೀರಾಗಿಸುತ್ತದೆ. ಮೂಸುವುದು ಹಾಸ್ಯದ ಕೆಲಸವಲ್ಲ.

ಆಮೇಲೆ ಸ್ವಿಚ್. ಎಂಜಿನ್ ಬ್ಲಾಕಿಗೆ ತಿರುಪಿರುವ ಹೆಬ್ಬೆರಳಿನಷ್ಟು ದೊಡ್ಡ ವಸ್ತು ಅದು. ಅದಕ್ಕೆ ಒಂದೇ ವೈರು. ಒಳಗೆ ಆಯಿಲ್ ಒತ್ತಡ ಇಲ್ಲದಿದ್ದಾಗ ಸ್ವಿಚ್ ಆ ವೈರನ್ನು ಎಂಜಿನ್ ಬಾಡಿಗೆ ಸೇರಿಸಿ ದೀಪ ಹೊತ್ತಿಸುತ್ತದೆ. ಒತ್ತಡ ಏರಿದರೆ ಸಂಪರ್ಕ ತಪ್ಪಿ ಆರುತ್ತದೆ. ಪರೀಕ್ಷೆ ಸುಲಭ: ಕೀ ತಿರುಗಿಸಿ ವೈರು ಕಿತ್ತರೆ ದೀಪ ಆರಬೇಕು, ವೈರನ್ನು ಬಾಡಿಗೆ ಮುಟ್ಟಿಸಿದರೆ ಹೊತ್ತಬೇಕು. ಎರಡೂ ಆಯಿತು. ಹಾಗಾದರೆ ವೈರಿಂಗ್ ಸರಿ, ಸ್ವಿಚ್ಚೇ ಕೆಟ್ಟಿದೆ ಎಂದುಕೊಂಡು 180 ರೂಪಾಯಿ ಕೊಟ್ಟು ಹೊಸದು ತಂದು ಹಾಕಿದೆ. ದೀಪ ಮಿಣುಕುವುದು ನಿಂತಿತು. 28 ಸಾವಿರದ ಕೆಲಸವನ್ನು 180ಕ್ಕೆ ಮುಗಿಸಿದೆ ಎಂದು ಅಮ್ಮನ ಮುಂದೆ, ಪಕ್ಕದ ಮನೆಯವರ ಮುಂದೆ, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಎಲ್ಲ ಕಡೆ ಹೇಳಿಕೊಂಡೆ.

ಮೂರನೇ ದಿನ ಅದೇ ಗೇಟಿನಲ್ಲಿ ದೀಪ ಮತ್ತೆ ಮಿಣುಕಿತು. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು.

ನನ್ನ ತಪ್ಪು ತಿಳಿಸಿಕೊಟ್ಟವರು ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್. ಐಟಿಐ ಓದಿ ಬಂದವರು, ನಮ್ಮ ಕ್ಲಾಸಿನ ಹುಡುಗರು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಇಂಥ ಸ್ವಿಚ್ಚುಗಳು ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ನಡುವೆ ಎಲ್ಲೋ ಕೆಲಸ ಮಾಡುತ್ತವೆ ಎಂದರು. ಹಳೆಯದು 7ಕ್ಕೆ ಹೊತ್ತಿಸುತ್ತಿತ್ತು, ಹೊಸದು 5ಕ್ಕೆ ಹೊತ್ತಿಸುತ್ತಿರಬಹುದು. ಅಂದರೆ ನಾನು ಕಾಯಿಲೆ ವಾಸಿ ಮಾಡಿರಲಿಲ್ಲ. ದೂರು ಹೇಳುವವನ ಬಾಯಿಯನ್ನು ಎರಡು ದಿನ ಮುಚ್ಚಿಸಿದ್ದೆ. ದೀಪ ಆರಿದ್ದರೆ ಒತ್ತಡ ಚೆನ್ನಾಗಿದೆ ಎಂದು ಅರ್ಥವಲ್ಲ, ತೀರಾ ನೆಲ ಕಚ್ಚಿಲ್ಲ ಎಂದಷ್ಟೇ ಅರ್ಥ. ‘ಓಡುವಾಗ ದೀಪ ಹೊತ್ತಿ ಹಾಗೇ ಉಳಿದರೆ ಮನೆ ಮುಟ್ಟುವ ಆಸೆ ಬಿಡು, ಅಲ್ಲೇ ಎಂಜಿನ್ ಆಫ್ ಮಾಡು’ ಎಂದೂ ಸೇರಿಸಿದರು.

ಆಮೇಲೆ ಕೇಳಿದರು, ‘ಯಾವ ಆಯಿಲ್ ಹಾಕಿದ್ದೀರಿ?’

‘ಮಾಮೂಲಿದೇ ಸರ್’ ಎಂದೆ.

ಅದು ಮಾಮೂಲಿ ಆಗಿರಲಿಲ್ಲ. ಮೂರು ತಿಂಗಳ ಹಿಂದೆ ಆಯಿಲ್ ಬದಲಿಸುವಾಗ ಅಪ್ಪ ಎಂದಿನಂತೆ 20ಡಬ್ಲ್ಯು-40 ತರಲು ಹೇಳಿದ್ದರು. ಹೊಸ ಕಾರುಗಳಿಗೆಲ್ಲ ತೆಳು ಸಿಂಥೆಟಿಕ್ ಆಯಿಲ್, ಮೈಲೇಜ್ ಹೆಚ್ಚು ಬರುತ್ತದೆ ಎಂದು ವಾದ ಮಾಡಿ, ಹೆಚ್ಚು ದುಡ್ಡು ಕೊಟ್ಟು 0ಡಬ್ಲ್ಯು-20 ಹಾಕಿಸಿದವನು ನಾನು. ಇನ್‌ಸ್ಟ್ರಕ್ಟರ್ ಕೇಳಿದ ಕ್ಷಣ ಎದೆ ಧಸಕ್ಕೆಂದಿತು. ಆದರೂ ಬಾಯಿಂದ ಬಂದದ್ದು ಸುಳ್ಳೇ.

ಭಾನುವಾರ ಅವರೇ ನಮ್ಮ ಮನೆಗೆ ಬಂದರು, ಬ್ಯಾಗಿನಲ್ಲಿ ಪ್ರೆಶರ್ ಗೇಜ್ ಮತ್ತು ಟ್ಯಾಕೋಮೀಟರ್. ನಮ್ಮ ಓಮ್ನಿಯಲ್ಲಿ ಆರ್‌ಪಿಎಂ ತೋರಿಸುವ ಮೀಟರ್ ಇಲ್ಲವಲ್ಲ. ಸ್ವಿಚ್ ಬಿಚ್ಚಿ ಅದೇ ತೂತಿಗೆ ಗೇಜಿನ ಪೈಪ್ ಕೂರಿಸಿದೆವು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ 38 ಪಿಎಸ್‌ಐ. ನನಗೆ ಖುಷಿ. ‘ತಣ್ಣಗಿರುವಾಗ ಎಲ್ಲ ಎಂಜಿನ್ನೂ ಒಳ್ಳೆಯದೇ’ ಎಂದು ಅವರು ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿಕೊಂಡು ಬರಲು ಅಪ್ಪನಿಗೆ ಹೇಳಿದರು. ವಾಪಸ್ ಬಂದ ಮೇಲೆ ಐಡಲ್‌ನಲ್ಲಿ 6. ಎರಡು ಸಾವಿರ ಆರ್‌ಪಿಎಂಗೆ 17. ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಎಂಬುದು ಗ್ಯಾರೇಜುಗಳ ಹಳೆಯ ಕೈಲೆಕ್ಕ. ನಮ್ಮದು ಅದಕ್ಕಿಂತ ಕೆಳಗೆ.

ಈ ಅಂಕಿಗಳನ್ನು ಓದುವುದನ್ನು ಅವರು ಅಂಗಳದಲ್ಲೇ ಕಲಿಸಿದರು, ತೋಟಕ್ಕೆ ನೀರು ಬಿಡುವ ಪೈಪ್ ಹಿಡಿದುಕೊಂಡು. ಬಾಯಿಗೆ ಹೆಬ್ಬೆರಳು ಇಟ್ಟರೆ ಒತ್ತಡ, ತೆಗೆದರೆ ಬರೀ ಹರಿವು. ಆಯಿಲ್ ಪಂಪ್ ಕೊಡುವುದು ಹರಿವನ್ನು ಮಾತ್ರ, ಒತ್ತಡ ಹುಟ್ಟುವುದು ಬೇರಿಂಗಿನ ಸಂದುಗಳು ಅಡ್ಡ ಬರುವುದರಿಂದ. ಆ ಸಂದು ಮಿಲಿಮೀಟರಿನ ನೂರನೇ ಕೆಲವು ಭಾಗ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಸವೆದು ಸಂದು ಎರಡರಷ್ಟಾದರೆ ಅದರ ಮೂಲಕ ಸೋರುವ ಆಯಿಲ್ ಎರಡರಷ್ಟಲ್ಲ, ಎಂಟರಷ್ಟು. ಸಂದಿನ ಘನಕ್ಕೆ ತಕ್ಕಂತೆ ಹರಿವು ಎಂದು ನಾನು ಪರೀಕ್ಷೆಯಲ್ಲಿ ಬರೆದದ್ದು ಇದನ್ನೇ!

ವೇಗ ಏರಿದಂತೆ ಒತ್ತಡವೂ ಏರುತ್ತಿದ್ದರಿಂದ ಚೇಂಬರಿನೊಳಗಿನ ಜಾಲರಿ ಕಟ್ಟಿಲ್ಲ ಎಂದರು. ಕೆಸರೋ, ಹಿಂದೆ ಯಾರೋ ಬಳಿದ ಸಿಲಿಕೋನ್ ಗ್ಯಾಸ್ಕೆಟ್ ಅಂಟಿನ ಚೂರೋ ಜಾಲರಿಗೆ ಸಿಕ್ಕಿದ್ದರೆ ಆಟ ತಿರುಗುಮುರುಗು: ಐಡಲ್‌ನಲ್ಲಿ ಪರವಾಗಿಲ್ಲ, ವೇಗ ಹೆಚ್ಚಿಸಿ ಹಿಡಿದರೆ ಪಂಪಿಗೆ ಆಯಿಲ್ ಸಾಲದೆ ಮುಳ್ಳು ಕುಸಿಯುತ್ತದೆ. ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ತಣ್ಣಗಿರುವಾಗಲೂ 38 ಬರುತ್ತಿರಲಿಲ್ಲ. ಬಿಸಿಯಾದಾಗ, ಐಡಲ್‌ನಲ್ಲಿ ಮಾತ್ರ ಬೀಳುವುದೆಂದರೆ ಎರಡೇ ಅನುಮಾನ. ಒಂದು ಸವೆದ ಬೇರಿಂಗ್. ಇನ್ನೊಂದು...

‘ತೆಳು ಆಯಿಲ್ ಸರ್’ ಎಂದೆ. ಅಪ್ಪನ ಎದುರಿಗೇ ಎಲ್ಲ ಹೇಳಿದೆ. ಕಾರಿನ ತಪ್ಪೂ ಅಲ್ಲ, ಆಯಿಲ್ ಕಂಪನಿಯ ತಪ್ಪೂ ಅಲ್ಲ. 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 20ರ ದರ್ಜೆಯ ಆಯಿಲಿನ ಸ್ನಿಗ್ಧತೆ 6.9ರಿಂದ 9.3 ಸೆಂಟಿಸ್ಟೋಕ್ಸ್, 40ರ ದರ್ಜೆಯದು 12.5ರಿಂದ 16.3. ಹತ್ತಿರ ಹತ್ತಿರ ಅರ್ಧಕ್ಕರ್ಧ ವ್ಯತ್ಯಾಸ. ಬಿಗಿಯಾದ ಹೊಸ ಎಂಜಿನ್ನಿಗೆಂದು ಮಾಡಿದ ಆಯಿಲನ್ನು ಇಪ್ಪತ್ತು ವರ್ಷ ದುಡಿದ ಎಂಜಿನ್ನಿಗೆ ಸುರಿದವನು ನಾನು.

ಅಪ್ಪ ಬಕೆಟ್ ತಂದು ಚೇಂಬರಿನ ಕೆಳಗಿಟ್ಟರು. ಅಷ್ಟೇ. ಆಯಿಲ್ ಇಳಿಸಿದೆವು. ಹಳೆಯ ಬಿಳಿ ಬಟ್ಟೆಯ ಮೇಲೆ ಸೋಸಿ, ಲೋಹದ ಪುಡಿ ಮಿನುಗುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದೆವು. ಮಿನುಗಲಿಲ್ಲ. ಹೊಸ ಫಿಲ್ಟರ್, 20ಡಬ್ಲ್ಯು-40 ಆಯಿಲ್, ಎರಡಕ್ಕೂ ಸೇರಿ 1,300 ರೂಪಾಯಿ. ಮತ್ತೆ ಹತ್ತು ಕಿಲೋಮೀಟರ್ ಓಡಿಸಿ ಅಳೆದೆವು: ಐಡಲ್‌ನಲ್ಲಿ 11, ಎರಡು ಸಾವಿರಕ್ಕೆ 26.

ಗ್ಯಾರೇಜಿನವರು ಪೂರ್ತಿ ತಪ್ಪೇನೂ ಹೇಳಿರಲಿಲ್ಲ. ಈ ಆಯಿಲಿನಲ್ಲೂ ಬಿಸಿ ಐಡಲ್‌ಗೆ 11 ಎಂದರೆ ಬೇರಿಂಗ್ ಸವೆದಿರುವುದು ನಿಜ. ಆದರೆ ‘ಸವೆದಿದೆ’ ಎನ್ನುವುದಕ್ಕೂ ‘ಇವತ್ತೇ ಇಳಿಸಬೇಕು’ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಹೇಳಲು ಒಂದು ಗೇಜ್ ಬೇಕಿತ್ತು. ಬ್ರೋಕರ್ ಹೇಳಿದ 20ಡಬ್ಲ್ಯು-50 ಹಾಕಿದ್ದರೆ ಮುಳ್ಳು ಇನ್ನೂ ಮೇಲೇರುತ್ತಿತ್ತು, ಸವೆತ ಮಾತ್ರ ಇದ್ದಲ್ಲೇ ಇರುತ್ತಿತ್ತು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವ ಗೆಳೆಯರೇ, ಮಾರುವವರು ‘ಈಗ ತಾನೇ ಆಯಿಲ್ ಬದಲಿಸಿದ್ದೇವೆ’ ಎಂದರೆ ಯಾವ ದರ್ಜೆಯದು ಎಂದು ಕೇಳಿ. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ನಿಲ್ಲಿಸಿ ದೀಪ ನೋಡಿ. ಕೀ ತಿರುಗಿಸಿದಾಗ ದೀಪ ಹೊತ್ತುವುದೇ ಇಲ್ಲವೆಂದರೆ ಯಾರೋ ವೈರು ಕಿತ್ತಿರಬಹುದು.

ಫೀಸು ಕಟ್ಟಿದ್ದಾಯಿತು. ಇನ್‌ಸ್ಟ್ರಕ್ಟರ್ ಸಲಹೆಯಂತೆ ಸಣ್ಣದೊಂದು ಗೇಜ್ ಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಕಾಯಂ ಆಗಿ ಕೂರಿಸಿದ್ದೇವೆ, ದೀಪಕ್ಕೂ ಅದರ ಪಾಡಿಗೆ ಕೆಲಸ ಬಿಟ್ಟಿದ್ದೇವೆ. ಬೇಕರಿ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಪ್ಪ ಪ್ರತಿ ತಿಂಗಳ ಒಂದನೇ ತಾರೀಖು ಬಿಸಿ ಐಡಲ್ ರೀಡಿಂಗ್ ಬರೆಯುತ್ತಾರೆ. 11, 11, 10, 11. ಅದು 8ಕ್ಕೆ ಬಂದ ತಿಂಗಳು ಎಂಜಿನ್ ಇಳಿಸುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ, ಅದಕ್ಕೆಂದು ತಿಂಗಳಿಗೆ ಸಾವಿರ ರೂಪಾಯಿ ಪೋಸ್ಟ್ ಆಫೀಸಿನ ಆರ್‌ಡಿಗೆ ಹೋಗುತ್ತಿದೆ. ಮೊನ್ನೆ ಹಾಸ್ಟೆಲ್ಲಿಗೆ ಫೋನ್ ಮಾಡಿದವರು, ಊಟ ಆಯ್ತಾ ಎಂದು ಕೇಳುವ ಮೊದಲೇ, ‘ಇವತ್ತು ಗೇಟಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ ಕಣೋ, ಹನ್ನೊಂದೇ ಇತ್ತು’ ಎಂದರು.