ಹಿಂದೆ ನಿಂತವರ ಕಾವಲು

ಪಡಿತರ ಅಂಗಡಿಯ ಮುಂದೆ, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಉಪನೋಂದಣಿ ಕಚೇರಿಯಲ್ಲಿ, ದೇವಸ್ಥಾನದ ಪ್ರಾಕಾರದಲ್ಲಿ ಜನ ಒಬ್ಬರ ಹಿಂದೊಬ್ಬರು ನಿಲ್ಲುವುದು ಎಷ್ಟು ಸಾಮಾನ್ಯವೆಂದರೆ, ಹೆಸರು ಊರು ತಿಳಿಯದ ಅಪರಿಚಿತರು ಯಾವ ಬರಹವೂ ಇಲ್ಲದೆ ಪಾಲಿಸುವ ಒಂದು ಸಾಮಾಜಿಕ ಒಪ್ಪಂದ ಅದು ಎಂಬುದು ಸುಲಭಕ್ಕೆ ಗಮನಕ್ಕೆ ಬರುವುದಿಲ್ಲ. ಒಪ್ಪಂದ ಮುರಿದಾಗ ಮಾತ್ರ 'ನಮ್ಮ ಜನಕ್ಕೆ ಕ್ಯೂ ನಿಲ್ಲುವ ಶಿಸ್ತೇ ಇಲ್ಲ' ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಈ ತೀರ್ಪು ಅನ್ಯಾಯದ್ದು. ಬಸ್ಸಿನ ಬಾಗಿಲಲ್ಲಿ ನುಗ್ಗುವ ಅದೇ ಜನ ಮತಗಟ್ಟೆಯ ಮುಂದೆ ಬಿಸಿಲಿನಲ್ಲಿ ಗಂಟೆಗಟ್ಟಲೆ ಸಾಲು ಕದಡದೆ ನಿಲ್ಲುತ್ತಾರೆ, ಧರ್ಮಸ್ಥಳದ ಅನ್ನಛತ್ರದ ಬಾಗಿಲು ತೆರೆಯುವವರೆಗೆ ಕಾಯುತ್ತಾರೆ, ಮೆಟ್ರೊ ನಿಲ್ದಾಣದ ನೆಲದ ಮೇಲೆ ಬಳಿದ ಗೆರೆಯ ಹಿಂದೆ ನಿಲ್ಲುತ್ತಾರೆ. ಜನ ಅವರೇ ಆಗಿದ್ದು ನಡತೆ ಮಾತ್ರ ಬದಲಾಗುತ್ತದೆ ಎಂದಾದರೆ, ಕಾರಣವನ್ನು ಜನರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಅವರು ಯಾವುದಕ್ಕಾಗಿ, ಯಾವ ಭರವಸೆಯ ಮೇಲೆ ಕಾಯುತ್ತಿದ್ದಾರೆ ಎಂಬುದರಲ್ಲಿ ಹುಡುಕುವುದು ಸರಿ.

ಕಾಯುವಿಕೆಯ ಅಧ್ಯಯನ ಆರಂಭವಾದದ್ದು ಮನಶ್ಶಾಸ್ತ್ರದಿಂದಲ್ಲ, ದೂರವಾಣಿಯಿಂದ. ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದಾಗ, ಕರೆಗಳು ಯಾವಾಗ ಬರುತ್ತವೆಂದು ಮೊದಲೇ ಹೇಳಲಾಗದಿದ್ದರೂ ಎಷ್ಟು ತಂತಿಗಳಿದ್ದರೆ ಸಾಕು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು 1909ರಲ್ಲಿ ತನ್ನ ಮೊದಲ ಪ್ರಬಂಧವನ್ನು ಪ್ರಕಟಿಸಿದ. ಅದರಿಂದ ಬೆಳೆದ ಶಾಖೆಗೆ ಸರದಿ ಸಿದ್ಧಾಂತ ಎಂದು ಹೆಸರು. ಈ ಸಿದ್ಧಾಂತದ ಒಂದು ಫಲಿತಾಂಶ ಪ್ರತಿಯೊಬ್ಬ ಆಡಳಿತಗಾರನಿಗೂ ತಿಳಿದಿರಬೇಕಾದದ್ದು. ಜನ ಅನಿಯತವಾಗಿ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೂ ಒಂದೊಂದು ಹೊತ್ತು ಹಿಡಿಯುತ್ತದೆ, ಕೌಂಟರಿನಲ್ಲಿ ಒಬ್ಬನೇ ಗುಮಾಸ್ತನಿದ್ದಾನೆ ಎಂಬ ಅತ್ಯಂತ ಸರಳ ಮಾದರಿಯನ್ನು ತೆಗೆದುಕೊಂಡರೆ, ಆ ಗುಮಾಸ್ತ ತನ್ನ ಸಮಯದ ಶೇ. 50ರಷ್ಟು ಭಾಗ ಕೆಲಸದಲ್ಲಿದ್ದಾಗ ಅವನ ಮುಂದೆ ಸರಾಸರಿ ಒಬ್ಬ ವ್ಯಕ್ತಿ ಇರುತ್ತಾನೆ, ಶೇ. 80 ಆದಾಗ ನಾಲ್ವರು, ಶೇ. 90 ಆದಾಗ ಒಂಬತ್ತು ಮಂದಿ, ಶೇ. 95 ಆದಾಗ ಹತ್ತೊಂಬತ್ತು ಮಂದಿ. ಕೊನೆಯ ಐದು ಅಂಶಗಳಷ್ಟು ಬಿಡುವನ್ನು ಹಿಂಡಿ ತೆಗೆದದ್ದಕ್ಕೆ ಸಾಲು ಇಮ್ಮಡಿಗಿಂತ ಹೆಚ್ಚು ಬೆಳೆಯುತ್ತದೆ. ಕೈಕಟ್ಟಿ ಕೂತ ನೌಕರನನ್ನು ಕಂಡು ವ್ಯರ್ಥವೆಂದು ಭಾವಿಸಿ ಹುದ್ದೆ ಕಡಿತ ಮಾಡುವ ಕಚೇರಿ ಉಳಿಸುವುದು ಒಬ್ಬನ ಸಂಬಳವನ್ನು. ಅದಕ್ಕೆ ಬೆಲೆ ತೆರುವವರು ಹೊರಗೆ ನಿಂತ ನೂರಾರು ಜನ, ಮತ್ತು ಆ ಲೆಕ್ಕ ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇನ್ನೂ ಸರಳ: ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಜನ ಬರುವ ವೇಗ ಮತ್ತು ಒಬ್ಬೊಬ್ಬರು ಕಳೆಯುವ ಸರಾಸರಿ ಹೊತ್ತು, ಇವೆರಡರ ಗುಣಲಬ್ಧ. ನಿಮಿಷಕ್ಕೆ ಇಬ್ಬರು ಬಂದು ಇಬ್ಬರು ಹೋಗುವ ಪಡಸಾಲೆಯಲ್ಲಿ ಅರವತ್ತು ಜನರಿದ್ದರೆ ಈಗ ಬಂದವರು ಸುಮಾರು ಅರ್ಧ ಗಂಟೆ ಕಾಯಬೇಕಾಗುತ್ತದೆ. ಇದನ್ನು ಲೆಕ್ಕಹಾಕಿ ಬಾಗಿಲಲ್ಲಿ ಬರೆದು ಹಾಕುವುದಕ್ಕೆ ಒಂದು ಹಲಗೆ ಮತ್ತು ಒಂದು ಸೀಮೆಸುಣ್ಣ ಸಾಕು.

ಆ ಹಲಗೆ ಏಕೆ ಮುಖ್ಯ ಎಂಬುದನ್ನು ಡೇವಿಡ್ ಮೇಸ್ಟರ್ 1985ರಲ್ಲಿ ಬರೆದ ಪ್ರಬಂಧವೊಂದು ವಿವರಿಸುತ್ತದೆ. ಗಡಿಯಾರ ತೋರಿಸುವ ಹೊತ್ತೇ ಬೇರೆ, ಮನಸ್ಸು ಅಳೆಯುವ ಹೊತ್ತೇ ಬೇರೆ ಎಂಬುದು ಅವರ ವಾದದ ತಿರುಳು: ಕೆಲಸವಿಲ್ಲದ ಹೊತ್ತು ಕೆಲಸವಿರುವ ಹೊತ್ತಿಗಿಂತ ದೀರ್ಘವಾಗಿ ತೋರುತ್ತದೆ, ಆತಂಕ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ, ಎಷ್ಟು ಹೊತ್ತು ಎಂದು ತಿಳಿಯದ ಕಾಯುವಿಕೆ ತಿಳಿದ ಕಾಯುವಿಕೆಗಿಂತ ಭಾರವಾಗುತ್ತದೆ, ಕಾರಣ ಹೇಳದ ವಿಳಂಬ ಕಾರಣ ಹೇಳಿದ ವಿಳಂಬಕ್ಕಿಂತ ಕೆರಳಿಸುತ್ತದೆ, ಒಂಟಿಯಾಗಿ ಕಾಯುವುದು ಜೊತೆಯವರೊಂದಿಗೆ ಕಾಯುವುದಕ್ಕಿಂತ ಬೇಸರ ತರುತ್ತದೆ. ವ್ಯಾಪಾರ ಲೋಕ ಇದರಿಂದ ಕಲಿತದ್ದು ಹೆಚ್ಚಾಗಿ ಗಮನ ಬೇರೆಡೆ ಸೆಳೆಯುವ ಕಲೆಯನ್ನು; ಲಿಫ್ಟಿನ ಪಕ್ಕದ ಕನ್ನಡಿ, ಕಾಯುವ ಕೋಣೆಯ ಟಿವಿ, ಮನರಂಜನಾ ಉದ್ಯಾನಗಳ ಸಾಲಿನುದ್ದಕ್ಕೂ ಇರುವ ಚಿತ್ರವಿಚಿತ್ರ ಗೋಡೆಗಳು ಇವೆಲ್ಲ ಆ ಬಗೆಯವು. ಹೋಟೆಲಿನಲ್ಲಿ ಇದು ಸಾಕಾಗಬಹುದು. ಆದರೆ ದಿನದ ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಬಂದ ಹೆಂಗಸಿಗೆ ಬೇಕಾದದ್ದು ತನ್ನ ಹೆಸರು ಮಧ್ಯಾಹ್ನದೊಳಗೆ ಬರುತ್ತದೆಯೋ ಇಲ್ಲವೋ ಎಂಬ ಖಚಿತ ಮಾತು. ಅವಳ ಮುಂದೆ ಟಿವಿ ಇಟ್ಟು ಆ ಮಾತನ್ನು ತಡೆಹಿಡಿಯುವುದು ಅವಳ ಸಮಯಕ್ಕೆ ಬೆಲೆಯಿಲ್ಲ ಎಂದು ಹೇಳಿದಂತೆಯೇ. 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಉತ್ತರ ಇಷ್ಟೊಂದು ಸಿಟ್ಟು ಬರಿಸುವುದೂ ಇದೇ ಕಾರಣಕ್ಕೆ, ಏಕೆಂದರೆ ನಾಳೆಯಾದರೂ ಸರ್ವರ್ ಇರುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಈ ದೃಷ್ಟಿಯಿಂದ ಕರ್ನಾಟಕದ ಸಕಾಲ ಯೋಜನೆಯನ್ನು ನೋಡಬೇಕು. 2011ರ ನಾಗರಿಕ ಸೇವೆಗಳ ಖಾತರಿ ಅಧಿನಿಯಮದ ಆಧಾರದ ಮೇಲೆ 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆಯ ಸ್ವೀಕೃತಿ ಸಿಗುತ್ತದೆ, ಜಾತಿ ಪ್ರಮಾಣಪತ್ರವಾಗಲಿ ಪಹಣಿ ತಿದ್ದುಪಡಿಯಾಗಲಿ ಇಂತಿಷ್ಟು ದಿನದೊಳಗೆ ಎಂಬ ಗಡುವಿರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿರುತ್ತದೆ. ಮೊತ್ತ ಚಿಕ್ಕದು. ಆದರೂ ಗಡುವಿಲ್ಲದ ಕಾಯುವಿಕೆಗೆ ಒಂದು ಎಲ್ಲೆ ಗುರುತಿಸಿದ್ದು, ವಿಳಂಬದ ಹೊಣೆಯನ್ನು ಕೌಂಟರಿನ ಒಳಗಿನವರ ಮೇಲೆ ಇರಿಸಿದ್ದು ಸಣ್ಣ ಸಂಗತಿಯಲ್ಲ.

ಅನಿಶ್ಚಿತತೆಗಿಂತಲೂ ಆಳವಾಗಿ ನಾಟುವುದು ಅನ್ಯಾಯ. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿಚರ್ಡ್ ಲಾರ್ಸನ್ 1987ರಲ್ಲಿ ಸರದಿಯನ್ನು ಸಾಮಾಜಿಕ ನ್ಯಾಯದ ಪ್ರಶ್ನೆಯಾಗಿಯೇ ವಿಶ್ಲೇಷಿಸಿ, ತನಗಿಂತ ತಡವಾಗಿ ಬಂದವರು ತನಗಿಂತ ಮೊದಲು ಹೊರಟುಹೋಗುವುದು ಕಾಯುವವರನ್ನು ಎಷ್ಟು ಕಾಡುತ್ತದೆ ಎಂದು ತೋರಿಸಿದರು. ಮೂರು ಕೌಂಟರ್‌ಗಳಿಗೆ ಮೂರು ಪ್ರತ್ಯೇಕ ಸಾಲುಗಳಿದ್ದಲ್ಲಿ 'ಪಕ್ಕದ ಸಾಲೇ ಬೇಗ ಸಾಗುತ್ತದೆ' ಎಂಬ ಅನಿಸಿಕೆ ಭ್ರಮೆಯಲ್ಲ, ಏಕೆಂದರೆ ತಾನು ಆರಿಸಿಕೊಂಡ ಸಾಲೇ ಅತಿ ವೇಗದ್ದಾಗಿರುವ ಸಂಭವ ಮೂರರಲ್ಲಿ ಒಂದು ಮಾತ್ರ. ಎಲ್ಲರನ್ನೂ ಹಗ್ಗ ಕಟ್ಟಿದ ಒಂದೇ ಅಂಕುಡೊಂಕು ಸಾಲಿನಲ್ಲಿ ನಿಲ್ಲಿಸಿ, ಯಾವ ಕೌಂಟರ್ ಖಾಲಿಯಾದರೂ ಮುಂದಿನವರನ್ನು ಅಲ್ಲಿಗೆ ಕಳುಹಿಸಿದರೆ ಸಾಲು ನೋಡಲು ಉದ್ದವಾದರೂ ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ. ಕಷ್ಟದ ಅರ್ಜಿಯೊಂದು ಬಂದು ಒಂದು ಕೌಂಟರ್ ತಡೆದು ನಿಂತರೆ ಅದರ ಹೊರೆ ಕೆಲವರ ತಲೆಗೆ ಮಾತ್ರ ಕಟ್ಟುವುದೂ ತಪ್ಪುತ್ತದೆ.

ಸಾಲು ಮುರಿಯುವವರನ್ನು ತಡೆಯುವವರು ಯಾರು ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ದೊರೆತದ್ದು ಸ್ಟ್ಯಾನ್ಲಿ ಮಿಲ್‌ಗ್ರಾಂ ಮತ್ತು ಅವರ ಸಂಗಡಿಗರು ನ್ಯೂಯಾರ್ಕ್ ನಗರದಲ್ಲಿ ನಡೆಸಿದ, ಮಿಲ್‌ಗ್ರಾಂ ತೀರಿಕೊಂಡ ಮೇಲೆ 1986ರಲ್ಲಿ ಪ್ರಕಟವಾದ ಪ್ರಯೋಗದಿಂದ. ಅವರ ಸಹಾಯಕರು ರೈಲು ಟಿಕೆಟ್ ಕೌಂಟರ್ ಮೊದಲಾದ ಕಡೆಗಳ 129 ಸಾಲುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ವ್ಯಕ್ತಿಗಳ ನಡುವೆ ಮೆಲ್ಲನೆ ಹೊಕ್ಕು, ಯಾರಾದರೂ ಹೊರಡಲು ಹೇಳಿದರೆ ಕೂಡಲೇ, ಇಲ್ಲವಾದರೆ ಒಂದು ನಿಮಿಷದ ನಂತರ ಹೊರಟುಬಿಡುತ್ತಿದ್ದರು. ಒಬ್ಬ ನುಗ್ಗಿದಾಗ ಅರ್ಧಕ್ಕಿಂತ ತುಸು ಹೆಚ್ಚು ಸಾಲುಗಳಲ್ಲಿ ಮಾತ್ರ ಆಕ್ಷೇಪ ಎದ್ದಿತು. ಇಬ್ಬರು ಒಟ್ಟಿಗೆ ನುಗ್ಗಿದಾಗ ಹತ್ತರಲ್ಲಿ ಒಂಬತ್ತು ಸಾಲುಗಳು ಪ್ರತಿಭಟಿಸಿದವು. ಆಕ್ಷೇಪ ಎತ್ತಿದವರಲ್ಲಿ ಹೆಚ್ಚಿನವರು ನುಗ್ಗಿದ ಜಾಗಕ್ಕಿಂತ ಹಿಂದೆ ಇದ್ದವರು, ಅದರಲ್ಲೂ ನುಗ್ಗಿದವನ ಬೆನ್ನ ಹಿಂದೆಯೇ ಇದ್ದವರು. ಅತ್ಯಂತ ಗಮನಾರ್ಹವಾದ ಸಂಗತಿ ಇನ್ನೊಂದಿದೆ: ಆ ಬೆನ್ನ ಹಿಂದಿನ ಸ್ಥಾನದಲ್ಲಿ ಪ್ರಯೋಗಕಾರರ ಕಡೆಯವರೇ ಮೊದಲಿನಿಂದ ನಿಂತಿದ್ದು ಏನೂ ಹೇಳದೆ ಸುಮ್ಮನಿದ್ದಾಗ ಆಕ್ಷೇಪಗಳು ಅರ್ಧಕ್ಕಿಂತಲೂ ಕಡಿಮೆಯಾದವು, ಹಾಗೆ ಇಬ್ಬರು ಸುಮ್ಮನಿದ್ದಾಗ ಬಹುತೇಕ ಇಲ್ಲವಾದವು. ನಷ್ಟ ಹಿಂದಿರುವ ಎಲ್ಲರಿಗೂ ಸಮಾನವಾಗಿದ್ದರೂ ಹೇಳುವ ಹೊಣೆ ಮಾತ್ರ ಬೆನ್ನಿಗಿರುವವರದು ಎಂದು ಸಾಲು ತಾನಾಗಿಯೇ ನಿರ್ಧರಿಸಿಬಿಟ್ಟಿರುತ್ತದೆ, ಅವರು ಮೌನವಾಗಿದ್ದರೆ ಉಳಿದವರು ಅದನ್ನು ಸಮ್ಮತಿಯೆಂದು ತಿಳಿಯುತ್ತಾರೆ.

ಸರದಿಯ ಶಿಷ್ಟಾಚಾರದ ಬಹುಪಾಲು ಗೊಂದಲಗಳು ಈ ಬೆಳಕಿನಲ್ಲಿ ತಿಳಿಯಾಗುತ್ತವೆ. ಪರಿಚಿತರೊಬ್ಬರು ಬಂದಾಗ 'ಬನ್ನಿ, ಇಲ್ಲೇ ನಿಲ್ಲಿ' ಎಂದು ಜಾಗ ಕೊಡುವವರು ಅದನ್ನು ಉದಾರತೆ ಎಂದು ಭಾವಿಸುತ್ತಾರೆ, ಆದರೆ ಅವರು ದಾನ ಮಾಡುತ್ತಿರುವುದು ಹಿಂದಿರುವ ಪ್ರತಿಯೊಬ್ಬರ ಸಮಯವನ್ನು. ತಮ್ಮ ಜಾಗವನ್ನೇ ಬಿಟ್ಟುಕೊಟ್ಟು ತಾವು ಸಾಲಿನ ತುದಿಗೆ ಹೋದರೆ ಮಾತ್ರ ಅದು ಸ್ವಂತದ್ದನ್ನು ಕೊಟ್ಟಂತೆ. 'ಒಂದೇ ಟಿಕೆಟ್, ಚಿಲ್ಲರೆ ಸರಿಯಾಗಿದೆ' ಎಂದು ಕೇಳುವವರೂ ಮುಂದಿನವರನ್ನಷ್ಟೇ ಕೇಳಿ ಸುಮ್ಮನಾಗದೆ ಹಿಂದಿನವರ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ. ಕೇಳುವ ರೀತಿಗೆ ಮನುಷ್ಯ ಎಷ್ಟು ಬೇಗ ಮಣಿಯುತ್ತಾನೆ ಎಂಬುದನ್ನು ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರ 1978ರ ಅಧ್ಯಯನ ತೋರಿಸಿದೆ: ನಕಲು ಯಂತ್ರದ ಬಳಿ ಐದು ಪುಟಕ್ಕಾಗಿ ಮೊದಲು ಬಿಡಿ ಎಂದು ಕಾರಣವಿಲ್ಲದೆ ಕೇಳಿದಾಗ ಶೇ. 60 ಮಂದಿ ಒಪ್ಪಿದರೆ, 'ನಕಲು ತೆಗೆಯಬೇಕಾಗಿದೆ, ಅದಕ್ಕೆ' ಎಂಬ ಅರ್ಥವಿಲ್ಲದ ಕಾರಣ ಸೇರಿಸಿದಾಗಲೂ ಶೇ. 93 ಮಂದಿ ಒಪ್ಪಿದರು. ಪುಟ ಇಪ್ಪತ್ತಾದಾಗ ಈ ಮೋಡಿ ನಡೆಯಲಿಲ್ಲ. ಸಣ್ಣ ಕೋರಿಕೆಯಲ್ಲಿ ಜನ ಕಾರಣವನ್ನು ತೂಗಿ ನೋಡದೆ, ಕಾರಣ ಹೇಳುವಷ್ಟು ಗೌರವ ತಮಗೆ ಸಿಕ್ಕಿತೆಂಬುದನ್ನೇ ಗಮನಿಸುತ್ತಾರೆ ಎಂದು ಇದನ್ನು ಓದಿಕೊಳ್ಳಬಹುದು.

ಸಾಲಿನಿಂದ ತುಸು ಹೊತ್ತು ಹೊರಹೋಗುವ ಹಕ್ಕಿಗೂ ನಿಯಮಗಳಿವೆ. ಮೆಲ್ಬರ್ನ್‌ನಲ್ಲಿ ಫುಟ್‌ಬಾಲ್ ಅಂತಿಮ ಪಂದ್ಯದ ಟಿಕೆಟ್‌ಗಾಗಿ ರಾತ್ರಿಯಿಡೀ ಕಾಯುವ ಸಾಲುಗಳನ್ನು 1960ರ ದಶಕದಲ್ಲಿ ಅಧ್ಯಯನ ಮಾಡಿದ ಲಿಯಾನ್ ಮ್ಯಾನ್, ಜನ ಪಾಳಿ ಹಾಕಿಕೊಂಡು ಊಟಕ್ಕೆ ಹೋಗಿಬರುವುದನ್ನೂ, ಪೆಟ್ಟಿಗೆ ಹಾಸಿಗೆಗಳನ್ನಿಟ್ಟು ಜಾಗ ಕಾಯ್ದಿರಿಸುವುದನ್ನೂ, ಅತಿ ದೀರ್ಘಕಾಲ ಮಾಯವಾದವರ ಹಕ್ಕು ಕಳೆದುಹೋಗುವುದನ್ನೂ ದಾಖಲಿಸಿದರು. ಪಡಿತರ ಅಂಗಡಿಯ ಮುಂದೆ ಕಲ್ಲು, ಕೈಚೀಲ, ಸೀಮೆಎಣ್ಣೆ ಡಬ್ಬ, ಒಂದು ಜೊತೆ ಚಪ್ಪಲಿಗಳನ್ನು ಸಾಲಾಗಿ ಇಟ್ಟು ನೆರಳಿನಲ್ಲಿ ಕೂತು ಮಾತಾಡುವ ಹೆಂಗಸರು ಇದೇ ನಿಯಮವನ್ನು ಇನ್ನೂ ಸೊಗಸಾಗಿ ನಡೆಸಿಕೊಂಡು ಬಂದಿದ್ದಾರೆ. ಕಲ್ಲನ್ನು ಕದಲಿಸುವುದು ಅಲ್ಲಿ ಮನುಷ್ಯರನ್ನು ತಳ್ಳಿದಷ್ಟೇ ದೊಡ್ಡ ತಪ್ಪು. ಇಂಥ ಸಾಲುಗಳನ್ನು ಕಂಡವರು ಜನರಲ್ಲಿ ಶಿಸ್ತಿಲ್ಲ ಎಂದು ಹೇಳಲಾರರು.

ಯಾರಿಗೆ ಮೊದಲ ಸ್ಥಾನ ಸಲ್ಲಬೇಕು ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ತುರ್ತು ಚಿಕಿತ್ಸೆಯಲ್ಲಿ ಬಂದ ಕ್ರಮವನ್ನು ಬದಿಗಿಟ್ಟು ಗಾಯದ ತೀವ್ರತೆಯನ್ನು ನೋಡುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಗರ್ಭಿಣಿಯರು, ವೃದ್ಧರು, ಅಂಗವಿಕಲರು ಮುಂದೆ ಹೋಗುವುದನ್ನೂ ಸಾಲು ಸಹಜವಾಗಿ ಒಪ್ಪುತ್ತದೆ. ಹಣ ಕೊಟ್ಟು ಮುಂದೆ ಹೋಗುವುದು ತಿರುಮಲದ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದಂತೆ ಬಹಿರಂಗ ನಿಯಮವಾಗಿದ್ದಾಗ ಜನ ಅದನ್ನು ಸಹಿಸುತ್ತಾರೆ, ಆದರೂ ದೇವರ ಮುಂದೆಯೂ ಎರಡು ಸಾಲೇ ಎಂಬ ನೋವು ಪೂರ್ತಿ ಆರುವುದಿಲ್ಲ. ಅರ್ಥಶಾಸ್ತ್ರಜ್ಞ ಫೆಲಿಕ್ಸ್ ಓಬರ್‌ಹೋಲ್ಜರ್-ಗೀ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಲಿನಲ್ಲಿದ್ದವರಿಗೆ ಹಣ ನೀಡಿ ಮುಂದೆ ಬಿಡಲು ಕೇಳಿದಾಗ, ಮೊತ್ತ ಹೆಚ್ಚಿದಷ್ಟೂ ಬಿಡುವವರು ಹೆಚ್ಚಿದರು, ಆದರೆ ಅವರಲ್ಲಿ ಬಹುಪಾಲು ಮಂದಿ ಆ ಹಣವನ್ನು ಮುಟ್ಟಲಿಲ್ಲ. ಹೆಚ್ಚು ಹಣ ಅವರಿಗೆ ಹೆಚ್ಚಿನ ಅವಸರದ ಗುರುತಾಗಿ ಕಂಡಿತ್ತು. ಇವೆಲ್ಲಕ್ಕಿಂತ ಸಾಲನ್ನು ಹಾಳುಗೆಡಹುವುದು ವಶೀಲಿ: ಒಳಬಾಗಿಲಿನಿಂದ ಚೀಟಿ ಹಿಡಿದು ಹೋಗುವವರನ್ನು ಒಮ್ಮೆ ಕಂಡವರು, ಸಾಲಿನಲ್ಲಿ ನಿಲ್ಲುವುದು ದಿಕ್ಕಿಲ್ಲದವರ ಪಾಡು ಎಂದು ನಿರ್ಧರಿಸಿ ಮುಂದಿನ ಸಲ ತಾವೂ ಚೀಟಿ ಹುಡುಕುತ್ತಾರೆ.

ನಿಂತರೆ ಸಿಗುತ್ತದೆ ಎಂಬ ನಂಬಿಕೆ ಕುಸಿದ ಕಡೆ ನುಗ್ಗುವುದೇ ವಿವೇಕವೆಂದು ತೋರತೊಡಗುತ್ತದೆ, ಮತ್ತು ಅದರ ಪರಿಣಾಮ ಕೆಲವೊಮ್ಮೆ ಭೀಕರ. 2025ರ ಜನವರಿ 8ರಂದು ತಿರುಪತಿಯಲ್ಲಿ ವೈಕುಂಠದ್ವಾರ ದರ್ಶನದ ಟೋಕನ್‌ಗಾಗಿ ಸೇರಿದ್ದವರಲ್ಲಿ ಆರು ಮಂದಿ, ಅದೇ ವರ್ಷದ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದಿದ್ದವರಲ್ಲಿ ಹನ್ನೊಂದು ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಕಳೆದುಕೊಂಡರು. ಚದರ ಮೀಟರಿಗೆ ಐದಾರು ಜನರನ್ನು ಮೀರಿ ದಟ್ಟಣೆ ಬೆಳೆದಾಗ ವ್ಯಕ್ತಿಗಳು ತಮ್ಮ ಹೆಜ್ಜೆಯ ಮೇಲಿನ ಹಿಡಿತ ಕಳೆದುಕೊಳ್ಳುತ್ತಾರೆ, ಹಿಂದಿನವರ ಒತ್ತಡ ಅಲೆಯಂತೆ ಮುಂದಕ್ಕೆ ಹಾಯುತ್ತದೆ, ಸಾಯುವವರು ಹೆಚ್ಚಾಗಿ ತುಳಿತಕ್ಕಿಂತ ಎದೆ ಒತ್ತಿ ಉಸಿರು ಕಟ್ಟಿ ಸಾಯುತ್ತಾರೆ. ಹಿಂದಿರುವವರಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದೇ ಇಲ್ಲವಾದ್ದರಿಂದ ಇಂಥ ಸಾವುಗಳನ್ನು ಜನರ ಆತುರದ ಲೆಕ್ಕಕ್ಕೆ ಬರೆಯುವುದು ಸತ್ತವರಿಗೆ ಮಾಡುವ ಎರಡನೆಯ ಅನ್ಯಾಯ.

ವ್ಯವಸ್ಥೆ ಮನಸ್ಸು ಮಾಡಿದರೆ ಎಷ್ಟು ಸರಳ ಉಪಾಯದಿಂದ ನ್ಯಾಯ ಕಾಪಾಡಬಹುದು ಎಂಬುದಕ್ಕೆ ಭಾರತದ ಮತಗಟ್ಟೆ ಉತ್ತಮ ನಿದರ್ಶನ. ಮತದಾನದ ಅವಧಿ ಮುಗಿಯುವ ಹೊತ್ತಿಗೆ ಸಾಲಿನಲ್ಲಿರುವ ಎಲ್ಲರಿಗೂ ಮತ ಹಾಕುವ ಹಕ್ಕಿರುತ್ತದೆ. ಅವರಿಗೆ ಅಧ್ಯಕ್ಷಾಧಿಕಾರಿ ತಮ್ಮ ಸಹಿಯಿರುವ ಕ್ರಮಸಂಖ್ಯೆಯ ಚೀಟಿಗಳನ್ನು ಹಂಚಿಸುತ್ತಾರೆ, ಮತ್ತು ಆ ಹಂಚಿಕೆ ಆರಂಭವಾಗುವುದು ಸಾಲಿನ ಕಟ್ಟಕಡೆಯವರಿಂದ. ಮೊದಲ ಚೀಟಿ ಕೊನೆಯವರ ಕೈ ಸೇರಿದ ಕ್ಷಣದಿಂದ ಹೊಸಬರು ಬಂದು ಸೇರಿಕೊಳ್ಳುವ ದಾರಿ ಮುಚ್ಚುತ್ತದೆ, ಒಳಗಿರುವವರಿಗೆ ತಾವು ಬಿಟ್ಟುಹೋಗುವುದಿಲ್ಲ ಎಂಬ ಖಾತರಿ ಸಿಗುತ್ತದೆ, ಆದ್ದರಿಂದ ಯಾರಿಗೂ ಮುಂದಕ್ಕೆ ತಳ್ಳುವ ಅಗತ್ಯ ಬೀಳುವುದಿಲ್ಲ.

ಸಾಲು ಬೀದಿಯಿಂದ ಮೊಬೈಲಿನ ಪರದೆಗೆ ಸರಿದಂತೆ ಈ ಖಾತರಿಯ ಪ್ರಶ್ನೆ ಹೊಸ ರೂಪ ತಾಳಿದೆ. ರೈಲಿನ ತತ್ಕಾಲ್ ಟಿಕೆಟ್‌ಗಳ ಕಾಯ್ದಿರಿಸುವಿಕೆ ಬೆಳಿಗ್ಗೆ ಹವಾನಿಯಂತ್ರಿತ ದರ್ಜೆಗಳಿಗೆ 10 ಗಂಟೆಗೆ, ಉಳಿದವಕ್ಕೆ 11 ಗಂಟೆಗೆ ತೆರೆದಾಗ ದೇಶದಾದ್ಯಂತ ಕಾಯುತ್ತಿರುವವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಯಾರು ಮೊದಲು ಬಂದರು, ಯಾರು ಸ್ವಯಂಚಾಲಿತ ತಂತ್ರಾಂಶದ ನೆರವಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ನುಗ್ಗಿದರು ಎಂದು ಗುರುತಿಸಿ ಆಕ್ಷೇಪಿಸುವುದಕ್ಕೆ ಅಲ್ಲಿ ಬೆನ್ನ ಹಿಂದೆ ಯಾರೂ ಇಲ್ಲ. ಆ ಕಾವಲಿನ ಕೆಲಸವನ್ನು ನಿಯಮವೇ ಮಾಡಬೇಕಾಗಿ ಬಂದದ್ದರಿಂದ ರೈಲ್ವೆ ಇಲಾಖೆ 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟ್‌ಗಳಿಗೆ ಆಧಾರ್ ದೃಢೀಕರಣವನ್ನು ಕಡ್ಡಾಯಗೊಳಿಸಿ, ಮೊದಲ ಅರ್ಧ ಗಂಟೆ ಅಧಿಕೃತ ಏಜೆಂಟರನ್ನು ದೂರವಿಟ್ಟಿತು. ಸ್ಮಾರ್ಟ್‌ಫೋನ್ ಇಲ್ಲದವರು, ಇದ್ದರೂ ವೇಗದ ಸಂಪರ್ಕವಿಲ್ಲದ ಊರಿನವರು ಈಗಲೂ ನಸುಕಿನಲ್ಲೇ ನಿಲ್ದಾಣದ ಕೌಂಟರಿಗೆ ಬಂದು ನಿಲ್ಲುತ್ತಾರೆ, ಮತ್ತು ಕಾಣುವ ಆ ಸಾಲಿನ ಮೊದಲನೆಯವರಿಗೂ ಟಿಕೆಟ್ ಸಿಗುವುದೋ ಇಲ್ಲವೋ ಎಂಬುದನ್ನು ಕಾಣದ ಆ ಇನ್ನೊಂದು ಸಾಲು ನಿರ್ಧರಿಸುತ್ತದೆ.