ಮನೆಯೊಳಗಿನ ಅಲೆಗಳ ಅಳತೆ

ಇಳಕಲ್ಲಿನಲ್ಲಿರುವ ನನ್ನ ಸೋದರಳಿಯನದು ನೇಕಾರಿಕೆಯ ಮನೆ. ಮುಂದೆ ಪಡಸಾಲೆ, ನಡುವೆ ಕಲ್ಲಿನ ದಪ್ಪ ಗೋಡೆ, ಹಿಂದೆ ಮಗ್ಗದ ಕೋಣೆ. ಈಗಿನ ಗಿರಾಕಿಗಳು ಸೀರೆಯ ಸೆರಗನ್ನು ಮೊದಲು ಫೋನಿನಲ್ಲಿಯೇ ನೋಡಬೇಕೆನ್ನುತ್ತಾರೆ. ಮಗ್ಗದ ಮುಂದೆ ನಿಂತು ವಿಡಿಯೋ ತೋರಿಸುವಾಗ ಚಿತ್ರ ನಡುವೆಯೇ ನಿಂತುಬಿಡುತ್ತಿತ್ತು. ಇನ್ನೊಂದು ರೌಟರ್ ಕೊಳ್ಳಿರೆಂದು ಪರಿಚಯದವರೊಬ್ಬರು ಸಲಹೆ ಕೊಟ್ಟರು. ಅದೆಂದರೆ ಕೆಲವು ದಿನಗಳ ಮಗ್ಗದ ದುಡಿಮೆ. ಕೊಳ್ಳುವ ಮೊದಲು ಅಳೆದು ನೋಡೋಣವೆಂದು ಹುಡುಗ ತನ್ನ ಫೋನಿಗೆ ವೈ-ಫೈ ನಕ್ಷೆ ಬರೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಸುತ್ತಿದ. ಮಗ್ಗದ ಕೋಣೆಗೆ ಅಚ್ಚ ಹಸಿರು ಬಣ್ಣ ಬಂತು. ಮರುದಿನ ಹೆಂಡತಿಯ ಫೋನಿನಿಂದ ಅಳೆದರೆ ಅದೇ ಕೋಣೆ ಕೆಂಪು.

“ಮಾಮಾ, ಎರಡರಾಗ ಯಾವುದು ಸುಳ್ಳು ಹೇಳತೈತಿ?” ಎಂದು ಕೇಳಿದ.

ಎರಡೂ ಸುಳ್ಳು ಹೇಳುತ್ತಿರಲಿಲ್ಲ. ತಾವು ಕಂಡದ್ದನ್ನು ತಮ್ಮ ತಮ್ಮ ಕೋಲಿನಿಂದ ಅಳೆದು ಹೇಳುತ್ತಿದ್ದವು, ಅಷ್ಟೇ. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಹಸಿರು ಕಣ್ಣೊಂದು ಇರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನಿಲಯ ಸರಿಯಾಗಿ ಸಿಕ್ಕಾಗ ಅದು ಕೂಡಿಕೊಳ್ಳುತ್ತಿತ್ತು. ಒಂದೇ ನಿಲಯಕ್ಕೆ ನಿಮ್ಮ ಮನೆಯ ಕಣ್ಣು ಪೂರ್ತಿ ಕೂಡಿದರೆ ನೆರೆಮನೆಯದು ಅರ್ಧವೇ ಕೂಡೀತು. ಅದರಿಂದ ನಿಲಯದ ಬಲ ಬೇರೆಯಾಯಿತೆಂದು ಯಾರೂ ಎಣಿಸುತ್ತಿರಲಿಲ್ಲ. ವೈ-ಫೈಯ ಮೊದಲ ನಿಯಮಾವಳಿ 1997ರಲ್ಲಿ ಹೊರಬಂದಾಗಲೂ ಅಲೆಯ ಬಲವನ್ನು ಸೂಚಿಸುವ ಅಂಕಿಯ ಅಳತೆಗೋಲನ್ನು ತಯಾರಕರ ಇಚ್ಛೆಗೇ ಬಿಟ್ಟಿದ್ದರು. ಆದುದರಿಂದ ಒಂದೇ ಮೇಜಿನ ಮೇಲಿಟ್ಟ ಎರಡು ಫೋನುಗಳು ಬೇರೆ ಬೇರೆ ಅಂಕಿ ತೋರಿಸಿದರೆ ಬೆರಗಾಗಬೇಕಿಲ್ಲ.

ಆ ಅಂಕಿಯ ಅರ್ಥವನ್ನು ತಿಳಿಯುವುದು ಕಷ್ಟವಲ್ಲ. ಒಂದು ಮಿಲಿವ್ಯಾಟ್ ಶಕ್ತಿಗೆ ಸೊನ್ನೆ ಡಿ.ಬಿ.ಎಮ್. ಎಂದು ಹೆಸರು. ಅಲ್ಲಿಂದ ಹತ್ತು ಕೆಳಗಿಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. −50 ಇದ್ದದ್ದು −80 ಆಯಿತೆಂದರೆ ಸಾವಿರದಲ್ಲಿ ಒಂದು ಪಾಲು ಉಳಿಯಿತೆಂದು ಲೆಕ್ಕ. ಋಣಚಿಹ್ನೆಯಿರುವುದರಿಂದ ಅನೇಕರು 80 ದೊಡ್ಡದೆಂದು ಸಂತೋಷಪಡುತ್ತಾರೆ! ಮಾತುಕತೆಗೂ ವಿಡಿಯೋಕ್ಕೂ −67ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಶೇಕಡಾ ಲೆಕ್ಕವನ್ನು ಮಾತ್ರ ನಂಬಿ ಕೂಡಬೇಡಿರಿ. ವಿಂಡೋಸ್ ಗಣಕದಲ್ಲಿ −100 ಎಂದರೆ ಸೊನ್ನೆ, −50 ಎಂದರೆ ನೂರು. −50ಕ್ಕಿಂತ ಎಷ್ಟು ಬಲವಿದ್ದರೂ ಅದು ನೂರೇ.

ಅಳಿಯನ ನಕ್ಷೆಯಲ್ಲಿ ನಿಜವಾದ ತಪ್ಪು ಬೇರೆಯಿತ್ತು. ಅವನು ಸರಸರನೆ ನಡೆದಿದ್ದ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದೀಚೆಗೆ ಒಂದು ಆ್ಯಪ್ ಎರಡು ನಿಮಿಷದಲ್ಲಿ ನಾಲ್ಕೇ ಸಲ ಸುತ್ತಲಿನ ಜಾಲಗಳನ್ನು ಹುಡುಕಿ ನೋಡಬಹುದು. ಬ್ಯಾಟರಿ ಉಳಿಸಲು ಈ ಕಟ್ಟು. ಪಡಸಾಲೆಯಿಂದ ಮಗ್ಗದ ಕೋಣೆಗೆ ಹೋಗಲು ಹತ್ತು ಸೆಕೆಂಡು ಸಾಕು. ಪಡಸಾಲೆಯಲ್ಲಿ ಕಂಡ ಅಂಕಿಯನ್ನೇ ಆ್ಯಪ್ ಮಗ್ಗದ ಕೋಣೆಗೂ ಬಳಿದಿತ್ತು. ಹೆಂಡತಿ ಆ ಕೋಣೆಯಲ್ಲಿ ಕುಳಿತು ಲಾಳಿ ಸುತ್ತುತ್ತಿದ್ದಳಾಗಿ ಅವಳ ಫೋನಿಗೆ ಹೊಸ ಅಂಕಿ ಸಿಕ್ಕಿತ್ತು. ಆಂಡ್ರಾಯ್ಡ್ 10ರಿಂದ ಮುಂದಿನ ಫೋನುಗಳಲ್ಲಿ ಡೆವಲಪರ್ ಆಯ್ಕೆಗಳೊಳಗೆ ಈ ಕಟ್ಟನ್ನು ಸಡಿಲಿಸಬಹುದು. ಅಷ್ಟು ಕೆದಕಲು ಮನಸ್ಸಿಲ್ಲದವರು ಪ್ರತಿ ಕೋಣೆಯಲ್ಲೂ ಅರ್ಧ ನಿಮಿಷ ನಿಂತರಾಯಿತು.

ನಿಂತಾಗಲೂ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲಬಾರದು. ಧಾರವಾಡ ನಿಲಯದ 765 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 392 ಮೀಟರು. ಅದಕ್ಕೆ ನಿಮ್ಮ ಮೈ ಯಾವ ಲೆಕ್ಕ? ವೈ-ಫೈಯ 2.4 ಗಿಗಾಹರ್ಟ್ಸ್ ಅಲೆಯಾದರೋ ಸುಮಾರು 12 ಸೆಂಟಿಮೀಟರು, ಒಂದು ಗೇಣೂ ಇಲ್ಲ. ಫೋನು ಹಿಡಿದ ಕೈ, ರೌಟರಿಗೆ ತಿರುಗಿಸಿದ ಬೆನ್ನು, ಕಬ್ಬಿಣದ ತಿಜೋರಿ ಎಲ್ಲವೂ ಅದಕ್ಕೆ ಅಡ್ಡಿಯೇ. ಗೋಡೆಗೆ ಬಡಿದು ಬಂದ ಅಲೆಯೂ ನೇರ ಬಂದ ಅಲೆಯೂ ಒಂದನ್ನೊಂದು ಅಳಿಸಿಕೊಳ್ಳುವ ತಾಣದಿಂದ ನಾಲ್ಕು ಬೆರಳು ಸರಿದರೆ ಅಂಕಿ ಚಟ್ಟನೆ ಏರುತ್ತದೆ. ನಾಲ್ಕು ದಿಕ್ಕಿಗೂ ತಿರುಗಿ ಸರಾಸರಿ ತೆಗೆಯಿರಿ.

ನಕ್ಷೆಯ ಬಣ್ಣದ ಬಗ್ಗೆ ಇನ್ನೊಂದು ಮಾತು. ನೀವು ಕಾಲಿಡದ ಕೋಣೆಗೂ ಆ್ಯಪ್ ಬಣ್ಣ ಹಚ್ಚುತ್ತದೆ. ಅತ್ತಿತ್ತಲಿನ ಅಂಕಿಗಳಿಂದ ಮಾಡಿದ ಊಹೆ ಅದು. ಬಾದಾಮಿಯ ಕೆಂಪು ಮರಳುಗಲ್ಲಿನ ಹಳೆಯ ಗೋಡೆಯಾಗಲಿ, ಹುನಗುಂದದ ಕಡೆಯ ಮಣ್ಣು ಹೊದಿಸಿದ ಮಾಳಿಗೆಯಾಗಲಿ ಆ ಊಹೆಗೆ ತಿಳಿಯದು. ಜಿ.ಪಿ.ಎಸ್. ನಂಬಿ ನಡೆದರಂತೂ ಮಾಳಿಗೆಯ ಕೆಳಗೆ ನೀವು ಅಡುಗೆಮನೆಯಲ್ಲಿದ್ದರೂ ಫೋನು ನಿಮ್ಮನ್ನು ಬೀದಿಯಲ್ಲಿ ನಿಲ್ಲಿಸೀತು. ಮನೆಯ ನಕ್ಷೆಯನ್ನು ಕೈಯಿಂದ ಬರೆದು, ನಿಂತ ಜಾಗವನ್ನು ಬೆರಳಿನಿಂದ ಗುರುತಿಸುವುದೇ ಲೇಸು.

ಅಂಕಿ ಸರಿಯಾಗಿಯೇ ಇದ್ದು ವಿಡಿಯೋ ನಿಲ್ಲುವುದೂ ಉಂಟು. ಬಾಗಲಕೋಟೆಯ ನವನಗರದಂತೆ ಮನೆಗಳು ಸಾಲಾಗಿರುವಲ್ಲಿ ನೆರೆಹೊರೆಯ ರೌಟರುಗಳೆಲ್ಲ ಒಂದೇ ಚಾನೆಲ್ಲಿನಲ್ಲಿ ಗಲಾಟೆ ಮಾಡುತ್ತವೆ. ರಾತ್ರಿ ಮಧ್ಯಮ ತರಂಗದಲ್ಲಿ ದೂರದ ನಿಲಯವೊಂದು ನಮ್ಮ ನಿಲಯದ ಮೇಲೇರಿ ಬಂದಂತೆ ಇದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಹಾಯದ ಚಾನೆಲ್ಲುಗಳು 1, 6, 11 ಮೂರೇ.

ನಾವು ಮಾಡಿದ್ದಿಷ್ಟು. ರೌಟರಿನಿಂದ ಮೂರು ಮೀಟರು ದೂರದಲ್ಲಿ ನೆಲಕ್ಕೆ ಸುಣ್ಣದ ಗುರುತು ಹಾಕಿ ಎರಡೂ ಫೋನುಗಳನ್ನು ಅಲ್ಲಿಯೇ ಅಳೆದೆವು. ಹೆಂಡತಿಯ ಫೋನು ಆರು ಕಡಿಮೆ ತೋರಿಸಿತು. ಆಮೇಲೆ ಹುಡುಗನ ಫೋನೊಂದನ್ನೇ ಹಿಡಿದು ಕೋಣೆಗೊಮ್ಮೆ ನಿಂತು ನಡೆದೆವು. ಮಗ್ಗದ ಕೋಣೆಯಲ್ಲಿ −81 ಬಂತು. ರೌಟರನ್ನು ತಿಜೋರಿಯ ಹಿಂದಿನಿಂದ ತೆಗೆದು ನಡುಬಾಗಿಲ ಪಕ್ಕದ ಗೂಡಿನಲ್ಲಿಟ್ಟ ಮೇಲೆ ಅದು −66ಕ್ಕೆ ಏರಿತು. ಬಾಗಿಲು ಹಾಕಿದರೆ ನಾಲ್ಕು ಇಳಿಯುತ್ತದೆ. ಗಿರಾಕಿಯ ಕರೆ ಬಂದಾಗ ತೆರೆದಿಡುತ್ತಾರೆ. ಹೊಸ ರೌಟರಿಗೆಂದು ಎತ್ತಿಟ್ಟ ಹಣಕ್ಕೆ ರೇಷ್ಮೆ ಕೊಂಡರು.