ಸೈಕಲ್ಲಿಗೆ ಕೂದಲೆಳೆ ಸೀಳು: ‘ಹಚ್ಚೋದು ಸುಲಭ, ತಡಿಯೋದು ಕಷ್ಟ!’

ವಿಜಯಪುರ: ಬೆಳಗಿನ ಆರು ಗಂಟೆಗೆ ಸೊಲ್ಲಾಪುರ ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಈ ನೋಟ ಹೊಸದೇನಲ್ಲ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಸುಯ್ಯೆಂದು ಸರಿದು ಹೋಗುವ ಹುಡುಗ ಹುಡುಗಿಯರ ಸಾಲು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳೆಂದರೆ ಸೈಕಲ್ ಪಟುಗಳ ತವರು ಎಂಬ ಮಾತು ರಾಜ್ಯದಲ್ಲೆಲ್ಲ ಇದೆ. ಪದಕ ಬಂದಾಗ ಹಾರ ಹಾಕುವವರು ಬಹಳ. ಆದರೆ ರೇಸ್ ಸೈಕಲ್ಲಿನ ಫ್ರೇಮ್ ಸೀಳಿದರೆ ಹುಡುಗರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಕೇಳಿದವರು ಕಡಿಮೆ.

ಮೊನ್ನೆ ಗಾಂಧಿ ಚೌಕದ ಆಚೆ ಒಂದು ವೆಲ್ಡಿಂಗ್ ಅಂಗಡಿ ಮುಂದೆ ನಡೆದದ್ದು ಇದೇ ಕಥೆ. ಹುಡುಗನೊಬ್ಬ ಬಣ್ಣವಿಲ್ಲದ ಬೂದು ಫ್ರೇಮ್ ಹೆಗಲಿಗೆ ಹಾಕಿಕೊಂಡು ಬಂದ. ಯಾರೋ ಬಳಸಿ ಬಿಟ್ಟದ್ದು. ಮನೆಯವರು ಸಾಲ ಮಾಡಿ ಕೊಡಿಸಿದ್ದು. ಪೆಡಲ್ ಆಕ್ಸಲ್ ಕೂಡುವ ಜಾಗದ ಬೆಸುಗೆ ಪಕ್ಕದಲ್ಲಿ ಕೂದಲೆಳೆಯಷ್ಟು ಸೀಳು. “ಕಾಕಾ, ಒಂದ್ ಟಾಕಾ ಹಚ್ಚಿ ಕೊಡ್ರಿ, ಮುಂದಿನ ವಾರ ರೇಸ್ ಐತಿ” ಅಂದ.

ಅಂಗಡಿಯವರು ಅಯಸ್ಕಾಂತ ಹಿಡಿದು ನೋಡಿದರು. ಅಂಟಲಿಲ್ಲ. ಮೂಲೆಗೆ ಅರೆಯುವ ಕಲ್ಲು ತುಸು ತಾಗಿಸಿದರು. ಕಬ್ಬಿಣದ ಕೆಂಪು ಕಿಡಿ ಅಲ್ಲ, ಕಣ್ಣು ಕುಕ್ಕುವ ಬೆಳ್ಳಗಿನ ಕಿಡಿ! ಕಲ್ಲು ನಿಲ್ಲಿಸಿ ಹೇಳಿದರು: “ತಮ್ಮಾ, ಇದು ಟೈಟಾನಿಯಂ. ಇದಕ್ಕ ನನ್ನ ಗ್ಯಾಸ್ ನಡಿಯಂಗಿಲ್ಲ. ಹಚ್ಚೋದು ಸುಲಭ, ತಡಿಯೋದು ಕಷ್ಟ. ಇಳಿಜಾರಿನ್ಯಾಗ ಮುರದ್ರ ನಿನ್ನ ಹಲ್ಲು ನಾ ಹಚ್ಚಿ ಕೊಡಾಂವ ಅಲ್ಲ.”

ಬಂದ ಗಿರಾಕಿಯನ್ನು ಹೀಗೆ ತಿರುಗಿಸಿ ಕಳಿಸುವ ಅಂಗಡಿಕಾರರು ಎಷ್ಟು ಮಂದಿ ಸಿಕ್ಕಾರು?

ಏನಿದು ಟೈಟಾನಿಯಂ?

ಇದೇನು ಪರದೇಶದ ಮಾಯಾಲೋಹವಲ್ಲ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಕರಿ ಮರಳಿನಲ್ಲಿ ಇದರ ಸುಳಿವು ಕಂಡರು. ಅದೇ ಜಾತಿಯ ಮರಳು ಕೇರಳದ ಚವರ ಕಡಲ ದಂಡೆಯಲ್ಲೂ ರಾಶಿ ಬಿದ್ದಿದೆ. ಹೈದರಾಬಾದಿನಲ್ಲಿ 1973ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಾರ್ಖಾನೆ ಮಿಶ್ರ ಧಾತು ನಿಗಮ ಟೈಟಾನಿಯಂ ಮಿಶ್ರಲೋಹ ತಯಾರಿಸುತ್ತದೆ. ವಿಮಾನ, ರಾಕೆಟ್‌ಗಳಿಗೆ ಬೇಕಾದ ಸರಕು ಇದು.

ಗುಣವೇನು? ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.85 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ. ಗಟ್ಟಿತನ ಬಿಟ್ಟುಕೊಡದೆ ಹಗುರ. ತುಕ್ಕು ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಬಣ್ಣದ ಹಂಗಿಲ್ಲ. 1970ರ ದಶಕದಲ್ಲೇ ಇಂಗ್ಲೆಂಡ್, ಅಮೆರಿಕಗಳಲ್ಲಿ ಇದರ ಸೈಕಲ್ ಫ್ರೇಮ್ ಬಂದವು. ಮುಂದೆ ವಿಮಾನದ ಹೈಡ್ರಾಲಿಕ್ ಕೊಳವೆಗೆ ಬಳಸುವ ಮಿಶ್ರಲೋಹವನ್ನು ಸೈಕಲ್ಲಿಗೂ ತಂದರು. ಶೇಕಡಾ 3ರಷ್ಟು ಅಲ್ಯೂಮಿನಿಯಂ, 2.5ರಷ್ಟು ವೆನೇಡಿಯಂ ಬೆರೆಸಿದ ಈ ಕೊಳವೆಯೇ ಇಂದು ಬಹುಪಾಲು ಟೈಟಾನಿಯಂ ಫ್ರೇಮ್‌ಗಳ ಬೆನ್ನೆಲುಬು.

ಹಾಲಿನವರ ಸೈಕಲ್ ಬೇರೆ, ಇದು ಬೇರೆ

ನಮ್ಮ ಹಾಲಿನವರ, ಪೇಪರಿನವರ ಕರಿ ಸೈಕಲ್ ಮುರಿದರೆ ಚಿಂತೆಯಿಲ್ಲ. ಉಕ್ಕಿನ ಕೊಳವೆಗಳ ಸಂದಿಗೆ ಹಿತ್ತಾಳೆ ಕರಗಿಸಿ ಬಿಟ್ಟರೆ ಆಯಿತು. ಅದಕ್ಕೆ ಸುಮಾರು 900 ಡಿಗ್ರಿ ಶಾಖ ಸಾಕು; ಗ್ಯಾಸ್ ಉರಿ, ಸ್ವಲ್ಪ ಟಂಕಣಖಾರ, ಪಳಗಿದ ಕೈ. ಅರ್ಧ ತಾಸಿನಲ್ಲಿ ಹಾಲಿನ ಕ್ಯಾನ್ ಮತ್ತೆ ಏರುತ್ತದೆ.

ಟೈಟಾನಿಯಂ ಕರಗಲು 1,668 ಡಿಗ್ರಿ ಬೇಕು. ಆದರೆ ನಿಜವಾದ ತಕರಾರು ಶಾಖದ್ದಲ್ಲ, ಗಾಳಿಯದು! ಕಾದ ಟೈಟಾನಿಯಂ ಬಾಯಾರಿದ ಎತ್ತಿನ ಹಾಗೆ. ಎದುರಿಗೆ ಬಂದ ಆಮ್ಲಜನಕ, ಸಾರಜನಕ ಎಲ್ಲ ಹೀರಿಕೊಳ್ಳುತ್ತದೆ. ಹೀರಿದ ಜಾಗ ಹಪ್ಪಳದಂತೆ ಪೆಡಸು. ಹೊರಗೆ ಬೆಸುಗೆ ಕೂಡಿದಂತೆ ಕಂಡರೂ ಒಳಗೆ ಜೀವವಿಲ್ಲ. ರಸ್ತೆ ಗುಂಡಿಗೆ ಗಾಲಿ ಬಿದ್ದಾಗ ಗುಟ್ಟು ರಟ್ಟು.

‘ನಮ್ಮಲ್ಲಿ ಆರ್ಗಾನ್ ಐತಲ್ರಿ?’

ಈ ಮಾತು ಬಂದೇ ಬರುತ್ತದೆ. ಸ್ಟೀಲ್ ರೇಲಿಂಗ್, ಗೇಟು ಮಾಡುವ ಅಂಗಡಿಗಳಲ್ಲಿ ಆರ್ಗಾನ್ ವೆಲ್ಡಿಂಗ್ ಯಂತ್ರ ಇದೆ, ನಿಜ. ಟೈಟಾನಿಯಂಗೂ ಇದೇ ಜಾತಿಯ ಯಂತ್ರ ಬೇಕು, ಅದೂ ನಿಜ. ಅರ್ಧ ಸತ್ಯದಿಂದಲೇ ಅಪಾಯ.

ರೇಲಿಂಗಿಗೆ ಉರಿಯ ತುದಿಯಲ್ಲಿ ಆರ್ಗಾನ್ ಬಿಟ್ಟರೆ ನಡೆಯುತ್ತದೆ. ಟೈಟಾನಿಯಂಗೆ ಕೊಳವೆಯ ಒಳಗೂ ಆರ್ಗಾನ್ ತುಂಬಿ ಗಾಳಿಯನ್ನು ಪೂರ್ತಿ ಹೊರದೂಡಬೇಕು. ಉರಿ ಮುಂದೆ ಸರಿದ ಮೇಲೂ ಹಿಂದಿನ ಬೆಸುಗೆ ಸಾಕಷ್ಟು ತಣಿಯುವ ತನಕ ಆರ್ಗಾನಿನ ಹೊದಿಕೆ ತೆಗೆಯುವಂತಿಲ್ಲ. ಮಡಿಯೂ ಬಹಳ. ಅಸಿಟೋನ್ ಹಾಕಿ ಒರೆಸಬೇಕು. ಕಬ್ಬಿಣ ಉಜ್ಜಿದ ಬ್ರಷ್ ಮುಟ್ಟಿಸಬಾರದು. ಬರಿಗೈ ಬೆರಳಿನ ಎಣ್ಣೆ ಜಿಡ್ಡೂ ಕೆಡುಕು.

ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೆ ಬೆಸುಗೆಯ ಬಣ್ಣ ಒಂದು ಸಾಕ್ಷಿ. ಬೆಳ್ಳಿಯಂತೆ ಹೊಳೆದರೆ ಉತ್ತಮ. ತಿಳಿ ಹುಲ್ಲಿನ ಬಣ್ಣ ಬಂದರೂ ಪರವಾಗಿಲ್ಲ. ಕಡು ನೀಲಿ ಬಂದರೆ ಅನುಮಾನ. ಬೂದಿ ಬಣ್ಣ, ಬಿಳಿ ಪುಡಿ ಕಂಡರೆ ಬೆಸುಗೆ ಕೆಟ್ಟಿತೆಂದೇ ಲೆಕ್ಕ. “ನೀಲಿ ಬಣ್ಣ ಎಷ್ಟ್ ಚಂದ ಬಂದೈತಿ” ಎಂದು ಹಿಗ್ಗುವ ಗಿರಾಕಿ ಮೋಸ ಹೋದ ಹಾಗೆಯೇ.

ಸೀಳಿನ ಮೇಲೆ ಟಾಕಾ ಹಚ್ಚಿದರೆ ಮುಗಿಯಿತೆಂದೂ ಅಲ್ಲ. ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಹೊಡೆದರೆ ಸೀಳು ಎಲ್ಲಿಯವರೆಗೆ ಓಡಿದೆಯೆಂದು ಕೆಂಪು ಗೆರೆಯಾಗಿ ಕಾಣುತ್ತದೆ. ಅಷ್ಟನ್ನೂ ಅರೆದು ತೆಗೆದು ಬೆಸೆಯಬೇಕು. ಸೀಳು ದೊಡ್ಡದಿದ್ದರೆ ಇಡೀ ಕೊಳವೆಯನ್ನೇ ಬದಲಿಸಬೇಕು. ಸೀಳಿನ ತುದಿಗೆ ಸಣ್ಣ ತೂತು ಕೊರೆದರೆ ಓಟ ಸ್ವಲ್ಪ ದಿನ ನಿಂತೀತು. ಅದು ಔಷಧಿಯಲ್ಲ, ಬರೀ ಪಟ್ಟಿ. ಹಿಂದಿನ ಗಾಲಿಗೆ ಜಾಗ ಸಾಲದೆಂದು ಉಕ್ಕಿನ ಫ್ರೇಮನ್ನು ಎಳೆದು ಅಗಲಿಸುವ ರೂಢಿ ಉಂಟು. ಟೈಟಾನಿಯಂ ಸ್ಪ್ರಿಂಗಿನಂತೆ ತಿರುಗಿ ನಿಲ್ಲುತ್ತದೆ. ಹಠ ಹಿಡಿದು ಎಳೆದರೆ ಬೆಸುಗೆಗೇ ಪೆಟ್ಟು.

ಸವಾರರು ಇಷ್ಟಾದರೂ ಮಾಡಲಿ

ವಾರಕ್ಕೊಮ್ಮೆ ಫ್ರೇಮ್ ಒರೆಸಿ, ಬೆಸುಗೆಗಳ ಪಕ್ಕ ಬ್ಯಾಟರಿ ಬೆಳಕು ಬಿಟ್ಟು ನೋಡಬೇಕು. ಎಲ್ಲಿಂದಲೋ ಕಿರ್ ಕಿರ್ ಸದ್ದು ಬಂದರೆ ಎಣ್ಣೆ ಬಿಟ್ಟು ಸುಮ್ಮನಾಗಬಾರದು. ಸೀಟಿನ ಅಲ್ಯೂಮಿನಿಯಂ ಕಂಬ ಟೈಟಾನಿಯಂ ಕೊಳವೆಯೊಳಗೆ ಕಚ್ಚಿಕೊಂಡರೆ ಬಿಡಿಸುವುದು ಹರಸಾಹಸ. ಹಿಡಿಯದಂತೆ ತಡೆಯುವ ಗ್ರೀಸ್ ಸವರಿ, ಆಗಾಗ ತೆಗೆದು ಹಾಕಬೇಕು. ಬಳಸಿದ ಫ್ರೇಮ್ ಕೊಳ್ಳುವವರು ಬೆಲೆ ಕೇಳುವ ಮೊದಲು ಬೆಸುಗೆ ನೋಡಲಿ. ಸೀಳು ಕಂಡರೆ ಅವತ್ತೇ ಇಳಿಯಬೇಕು. ರೇಸ್ ಮತ್ತೆ ಬರುತ್ತದೆ.

ಇನ್ನು ಊರಿನ ಹಿರಿಯರಿಗೂ ಒಂದು ಮಾತು. ಐಟಿಐಗಳಲ್ಲಿ ವೆಲ್ಡರ್ ತರಬೇತಿ ಇದ್ದೇ ಇದೆ. ಆರ್ಗಾನ್ ಸಿಲಿಂಡರ್ ಊರಲ್ಲೇ ಸಿಗುತ್ತದೆ. ಕೊಳವೆಯೊಳಗೆ ಆರ್ಗಾನ್ ತುಂಬಿಸುವ ಸಲಕರಣೆ, ಶುಚಿಯಾದ ಒಂದು ಕೋಣೆ, ಪಳಗಲು ನಾಲ್ಕು ತುಂಡು ಕೊಳವೆ, ಕಲಿಸುವ ಒಬ್ಬ ಗುರು ಇದ್ದರೆ ನಮ್ಮ ಹುಡುಗರೇ ಈ ಕಸುಬು ಹಿಡಿಯಬಲ್ಲರು. ಸೈಕಲ್ ಪಟುಗಳ ಜಿಲ್ಲೆಯಲ್ಲಿ ಸೈಕಲ್ ಬೆಸೆಯುವವರಿಲ್ಲ ಎಂಬ ಅಪವಾದ ಎಷ್ಟು ದಿನ? ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?

ಅಂದ ಹಾಗೆ, ಆ ಹುಡುಗ ಬರಿಗೈಲಿ ಹೋಗಲಿಲ್ಲ. ಅಂಗಡಿಯವರು ಅಟ್ಟದ ಮೇಲಿನ ಹಳೆಯ ಉಕ್ಕಿನ ರೇಸ್ ಫ್ರೇಮ್ ಇಳಿಸಿ, ಸಡಿಲಾಗಿದ್ದ ಸಂದಿಗೆ ಹಿತ್ತಾಳೆ ಬಿಟ್ಟು ಕೊಟ್ಟರು. ರೊಕ್ಕ ಕೇಳಿದರೆ, “ಮೊದಲ ರೇಸ್ ಮುಗಿಸಿ ಬಾ” ಅಂದರು.

“ತೂಕ ಭಾಳ ಐತ್ರಿ ಕಾಕಾ.”

“ಐತಿ. ಆದ್ರ ಮನೀ ಮಟ ಬರ್ತೈತಿ.”